ನೀರು ಕುಡಿಸದೆ ಕಳಿಸಿದ್ದು

ಆ ಮನೆಯಿಂದ ಒಣ ಪಂಪು ಹೊಸಿಲು ದಾಟಿದ್ದೇ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕಟ್ಟಳೆ. ಕಟ್ಟಳೆ ಹಾಕಿದವಳು ಸುತ್ತಮ್ಮ.

ಅದು ಹೆತ್ತವರು ಇಟ್ಟ ಹೆಸರಲ್ಲ. ಮೋಟಾರಿಗೆ ತಾಮ್ರದ ತಂತಿ ಸುತ್ತಿ ಸುತ್ತಿ ಬೀದಿಯವರ ಬಾಯಲ್ಲಿ ಸುತ್ತಮ್ಮ ಆದಳು. ಗಂಡನದು ಲೇತಿನ ಕೆಲಸ. ಮನೆಯ ಮುಂದಿನ ಎರಡು ಕೋಣೆಗಳೇ ಕಾರ್ಖಾನೆ, ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆಗಳು, ಅದರ ಮೇಲೆ ತಾರಸಿ. ತಾರಸಿಯ ತುಂಬ ಸೋಲಾರ್ ಪ್ಯಾನೆಲ್ಲು. ಬಟ್ಟೆ ಒಣಹಾಕಲು ಉಳಿದದ್ದು ಮೆಟ್ಟಿಲ ಕಂಬಿ ಮಾತ್ರ. "ಬಿಸಿಲನ್ನೆಲ್ಲ ಪಂಪಿಗೆ ಕೊಟ್ಟಿದ್ದೀರಿ, ನಮ್ಮ ಬಟ್ಟೆಗೆ ಗಾಳಿಯೇ ಗತಿ" ಎಂದು ಸೊಸೆ ಈ ಮನೆಗೆ ಬಂದ ಮೊದಲ ವಾರವೇ ಅಂದಿದ್ದಳು. ಸುತ್ತಮ್ಮನಿಗೆ ನಗು ಬಂದಿತ್ತು. ಬಾಯಿ ಇರುವ ಹುಡುಗಿ, ಇಲ್ಲಿ ಬಾಳುತ್ತಾಳೆ ಅನ್ನಿಸಿತ್ತು.

ಅವರು ಮಾಡುವ ಪಂಪು ಬಾವಿಯೊಳಗೆ ಮುಳುಗಿ ಕೆಲಸ ಮಾಡುವಂಥದ್ದು. ಅದರ ಮೋಟಾರಿನ ಹೊಟ್ಟೆಯಲ್ಲಿ ಒಂದು ಲೀಟರು ನೀರಿರಬೇಕು. ಆ ನೀರೇ ಅದಕ್ಕೆ ಎಣ್ಣೆ, ಆ ನೀರೇ ತಂಪು. ನೀರಿಲ್ಲದೆ ತಿರುಗಿಸಿದರೆ ಎರಡು ನಿಮಿಷಕ್ಕೆ ಸುಟ್ಟು ಕೂರುತ್ತದೆ. ಇನ್ನೂ ಕರೆಂಟಿನ ಪಂಪು ಮಾಡುತ್ತಿದ್ದ ಕಾಲದಲ್ಲಿ ಒಬ್ಬ ಗಿರಾಕಿ ಖಾಲಿ ಮೋಟಾರು ಒಯ್ದು, ತಿರುಗುತ್ತದೋ ಇಲ್ಲವೋ ನೋಡೋಣ ಎಂದು ಅಂಗಳದಲ್ಲೇ ತಂತಿ ಜೋಡಿಸಿದ. ಮಾರನೆಯ ದಿನ ಆ ಕರಕಲನ್ನು ತಂದು ಇವರ ಬಾಗಿಲಲ್ಲಿ ಕುಕ್ಕಿ, "ನಿಮ್ಮ ಮನೆಯ ಅನ್ನವೂ ಹೀಗೇ ಸೀಯಲಿ" ಎಂದು ಹೋದ. ಸುಟ್ಟ ವಾಸನೆ ಮೂರು ದಿನ ಹೋಗಲಿಲ್ಲ. ಅವತ್ತಿನಿಂದ ಪ್ರತಿ ಮೋಟಾರಿಗೂ ಸುತ್ತಮ್ಮನೇ ನೀರು ತುಂಬಿಸುತ್ತಾಳೆ. ನೀರು ಕಾಯಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ, ಆಲಿಕೆ ಇಟ್ಟು ಹೊಯ್ದು, ಬಿರಡೆ ಬಿಗಿದು, ಬಿರಡೆಯ ನೆತ್ತಿಗೆ ಉಗುರುಬಣ್ಣದ ಒಂದು ಕೆಂಪು ಚುಕ್ಕೆ. ಚುಕ್ಕೆ ಇದ್ದರೆ ನೀರು ಕುಡಿದ ಮೋಟಾರು. ಇಲ್ಲದಿದ್ದರೆ ಇಲ್ಲ.

"ನಿನ್ನ ಮಕ್ಕಳಿಗೆ ನೀರು ಕುಡಿಸಿ ಆಯ್ತಾ?" ಎಂದು ಅಜ್ಜಿ ಕೇಳುವುದು ರೂಢಿ. ಅಜ್ಜಿ ಎಂದರೆ ಸುತ್ತಮ್ಮನ ಅತ್ತೆ. ಎಂಬತ್ತಾರು ವಯಸ್ಸು, ಅಡುಗೆಮನೆಯ ಕಿಟಕಿ ಪಕ್ಕದ ಮಂಚವೇ ಅವಳ ರಾಜ್ಯ. ಕಣ್ಣು ಮಂಜು, ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು.

ಮಗ ಒಂದು ವಸ್ತುಪ್ರದರ್ಶನದಲ್ಲಿ ನಾಲ್ಕು ದಿನ ನಿಂತು ಬಂದ ಮೇಲೆ ಆ ದೊಡ್ಡ ಆರ್ಡರು ಬಂತು. ಕಡಲಾಚೆಯ ಒಂದು ಬೆಟ್ಟದ ದೇಶ. ನಲವತ್ತು ಪಂಪು. ಅಷ್ಟನ್ನು ಒಂದೇ ಸಲಕ್ಕೆ ಅವರು ಎಂದೂ ಮಾಡಿದವರಲ್ಲ.

"ಅಲ್ಲಿ ಕರೆಂಟಿನ ಕಂಬವೇ ಇಲ್ಲ ಅಪ್ಪ. ಬಿಸಿಲು ಮಾತ್ರ ಬೇಕಾದಷ್ಟು" ಎಂದ ಮಗ, ಊಟಕ್ಕೆ ಕೂತು.

"ಬೇಕಾದಷ್ಟು ಬಿಸಿಲಿದ್ದ ಕಡೆ ನೀರೆಲ್ಲಿರುತ್ತೋ?" ಎಂದಳು ಅಜ್ಜಿ ಮಂಚದಿಂದ.

"ನೆಲದೊಳಗಿದೆ ಅಜ್ಜಿ. ಎತ್ತೋದಕ್ಕೇ ತಾನೇ ನಮ್ಮನ್ನ ಕರೆದಿರೋದು."

"ಕರೆದಿರೋದು ಪಂಪನ್ನ. ನೀನು ಯಾಕೆ ಎದೆ ಉಬ್ಬಿಸ್ತೀಯ?"

ಯಜಮಾನರು ನಕ್ಕರು. ಲೇತಿನ ಸದ್ದಿಗೆ ಅವರ ಒಂದು ಕಿವಿ ಹೋಗಿತ್ತು, ನಿಂತು ನಿಂತು ಎರಡೂ ಮಂಡಿ ಹೋಗಿದ್ದವು. ಆದರೂ ಎರಡು ತಿಂಗಳು ಬೆಳಗಿನಿಂದ ಸಂಜೆವರೆಗೆ ಲೇತಿನ ಮುಂದೆ ನಿಂತರು. ಸುತ್ತಮ್ಮ ತಂತಿ ಸುತ್ತಿದಳು. ಸೊಸೆ ಮೊದಲು ಒಂದು ಔಷಧದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು. ಆ ಕೆಲಸ ಬಿಟ್ಟು ಕಾಗದಪತ್ರ, ಪರೀಕ್ಷೆ, ಪ್ಯಾಕಿಂಗು ಎಲ್ಲ ಅವಳೇ ನೋಡಿದಳು. ತೊಟ್ಟಿಯಲ್ಲಿ ಪಂಪು ಮುಳುಗಿಸಿ, ತಾರಸಿಯ ಬಿಸಿಲಿನಿಂದ ಓಡಿಸಿ, ನಿಮಿಷಕ್ಕೆ ಎಷ್ಟು ನೀರು ಬಂತೆಂದು ಬರೆಯುವುದು. ಬಂದ ನೀರಲ್ಲೇ ಪಾತ್ರೆ ತೊಳೆಯುವುದು. ಮೋಡ ಬಂದರೆ ಪರೀಕ್ಷೆಯೂ ಇಲ್ಲ, ಪಾತ್ರೆಯೂ ಇಲ್ಲ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಹೋಯಿತು. ಬೇಯಿಸಿದ ಆಲೂಗಡ್ಡೆ, ಸೊಪ್ಪು; ಮಾರನೆಯ ದಿನ ಸೊಪ್ಪು, ಬೇಯಿಸಿದ ಆಲೂಗಡ್ಡೆ.

ಪೆಟ್ಟಿಗೆಗೆ ತುಂಬುವ ವಾರ ಮಗ ಬಾಗಿಲಲ್ಲೇ ನಿಂತು, ಫೋನು ಕಿವಿಯಿಂದ ತೆಗೆಯದೆ ಹೇಳಿದ, "ಅಮ್ಮ, ಈ ಸಲ ಮೋಟಾರಿನ ನೀರು ಬಸಿದು ಕಳಿಸಬೇಕು."

"ಬಸಿದು?"

"ಹೂಂ. ಖಾಲಿ."

"ನಿನ್ನ ತಲೆ ಖಾಲಿ. ಅಂಥ ಬಿಸಿಲಿನ ಊರಿಗೆ ಒಣ ಮೋಟಾರು ಕಳಿಸ್ತಾರೇನೋ?"

"ಕಾಗದದಲ್ಲಿ ಹಾಗಿದೆ."

"ಕಾಗದ ಬಾವಿಗಿಳಿಯುತ್ತಾ?"

"ಅವರೇ ಅಲ್ಲಿ ತುಂಬಿಸ್ಕೋತಾರೆ."

"ಮರೆತರೆ?"

"ಮರೆಯಲ್ಲ."

"ಮೊನ್ನೆ ಹಾಲು ಒಲೆ ಮೇಲಿಟ್ಟು ಮರೆತವನು ನೀನು. ಅವರೇನು ನಿನಗಿಂತ ಜಾಣರಾ?"

"ಅಮ್ಮ, ನಂಗೆ ಟೈಮಿಲ್ಲ. ಹೇಳಿದಷ್ಟು ಮಾಡು."

ಯಾಕೆ ಅಂತ ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ. ಹೇಳಿದಷ್ಟು ಮಾಡು ಎಂದಮೇಲೆ ಇನ್ನೇನು ಕೇಳುವುದು? ಅರವತ್ತೆರಡು ವರ್ಷದ ಹೆಂಗಸಿಗೆ, ಅವನು ಹುಟ್ಟುವ ಮೊದಲಿಂದ ತಂತಿ ಸುತ್ತಿದವಳಿಗೆ.

ಸೊಸೆ ತನ್ನ ಕೈಯಾರೆ ನಲವತ್ತೂ ಮೋಟಾರು ಬಗ್ಗಿಸಿ ಬಸಿದಳು. ಒಂದೊಂದನ್ನೂ ಬಟ್ಟೆಯ ಮೇಲೆ ತಲೆಕೆಳಗಾಗಿ ಕಾಲು ಗಂಟೆ ನಿಲ್ಲಿಸಿ, ಕೊನೆಯ ಹನಿ ಬಿದ್ದ ಮೇಲೆ ಕೆಂಪು ಚುಕ್ಕೆ ಕೆರೆದು ತೆಗೆದು ಬಿರಡೆ ಹಾಕಿ, ಒಂದೊಂದಕ್ಕೂ ಒಂದು ಹಾಳೆಯಲ್ಲಿ 'ನೀರು ಬಸಿದಿದೆ' ಎಂದು ಬರೆದು ಸಹಿ ಮಾಡಿದಳು. ಬಸಿದ ನೀರಲ್ಲಿ ನೆಲ ಒರೆಸಿದರು. ಇಪ್ಪತ್ತನಾಲ್ಕು ಪೆಟ್ಟಿಗೆಗೆ ಅವತ್ತೇ ಮೊಳೆ ಬಿತ್ತು. ಮೊಳೆ ಮುಗಿದುಹೋಗಿ ಹದಿನಾರು ಹಾಗೇ ಉಳಿದವು, ಮೇಲೆ ಹಲಗೆ ಮುಚ್ಚಿಕೊಂಡು.

ಮರುದಿನ ಮಗ ಹಡಗಿನ ಏಜೆಂಟರ ಆಫೀಸಿಗೆ ಹೋದ. ಯಜಮಾನರು ಮೊಳೆ ತರಲು ಹೋದರು. ಸೊಸೆ ಕಾಗದಗಳ ನಕಲು ತೆಗೆಸಲು ಪೇಟೆಗೆ ಹೋದಳು. ಸುತ್ತಮ್ಮ ಆ ಹದಿನಾರು ಪೆಟ್ಟಿಗೆಗಳ ನಡುವೆ ನಿಂತಳು. ಬಿಸಿಲಲ್ಲಿ ಬಿರಿದ ನೆಲ, ಬಾವಿಯ ಸುತ್ತ ಕೊಡ ಹಿಡಿದು ನಿಂತ ಹೆಂಗಸರು, ಯಾವನೋ ಒಬ್ಬ ಅವಸರದವನು ತಂತಿ ಜೋಡಿಸುವುದು, ಆ ವಾಸನೆ. ಅವಳ ಕಣ್ಣಿಗೆ ಕಟ್ಟಿದ್ದು ಅಷ್ಟೇ. ಒಲೆ ಹಚ್ಚಿ ದೊಡ್ಡ ಪಾತ್ರೆ ಇಟ್ಟಳು.

"ಯಾರಿಗೆ ಸ್ನಾನ?" ಎಂದಳು ಅಜ್ಜಿ.

"ಯಾರಿಗೂ ಇಲ್ಲ ಅತ್ತೆ."

"ಮಕ್ಕಳಿಗೆ ನೀರಾ? ಬೇಡ ಅಂದನಲ್ಲ ಅವನು."

"ದೂರ ಹೋಗೋ ಮಕ್ಕಳಿಗೆ ನೀರು ಕುಡಿಸದೆ ಕಳಿಸ್ತಾರಾ ಅತ್ತೆ?"

"ಅದೂ ಸರಿ" ಎಂದು ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು.

ಸಂಜೆಯೊಳಗೆ ಹದಿನಾರಕ್ಕೂ ಆಯಿತು. ಕೈ ತನ್ನಷ್ಟಕ್ಕೆ ಉಗುರುಬಣ್ಣದ ಸೀಸೆ ತೆಗೆದು ಒಂದೊಂದು ಚುಕ್ಕೆಯನ್ನೂ ಇಟ್ಟಿತು. ಅಭ್ಯಾಸ. ಯಜಮಾನರು ಮೊಳೆ ತಂದು ಹೊಡೆದರು. ಲಾರಿಗೆ ಏರಿಸುವಾಗ ಮಗ, "ಈ ಕಡೆ ಪೆಟ್ಟಿಗೆ ಯಾಕೋ ಭಾರ" ಎಂದ.

"ಹಸಿ ಮರ" ಎಂದರು ಯಜಮಾನರು. ಸುತ್ತಮ್ಮ ಚಹಾ ಲೋಟ ಎತ್ತಿಕೊಂಡು ಒಳಗೆ ಹೋದಳು.

ಆಮೇಲೆ ಕಾಯುವ ಕೆಲಸ. ಹಡಗು ಹೊರಟಿತಂತೆ, ಹಡಗು ಇಳಿಯಿತಂತೆ, ಲಾರಿ ಬೆಟ್ಟ ಹತ್ತಿತಂತೆ, ದಾರಿ ಮುಚ್ಚಿತಂತೆ, ಪೆಟ್ಟಿಗೆಗಳು ಯಾವುದೋ ಗೋದಾಮಿನಲ್ಲಿ ಇವೆಯಂತೆ. ಎಲ್ಲ ಅಂತೆ ಕಂತೆ. ಪಂಪು ಅಲ್ಲಿ ನೀರೆತ್ತಿದ ಮೇಲೆ ಉಳಿದ ಅರ್ಧ ಹಣ, ಆಮೇಲೆ ಇನ್ನೊಂದು ದೊಡ್ಡ ಆರ್ಡರು ಎಂಬ ಮಾತಾಗಿತ್ತು. ಆ ಮಾತಿನ ಮೇಲೆ ಮನೆ ನಡೆಯುತ್ತಿತ್ತು. ತಾರಸಿಯ ತೊಟ್ಟಿ ಸೋರುತ್ತಿತ್ತು, ಆರ್ಡರು ಬರಲಿ. ಯಜಮಾನರ ಮಂಡಿ ತೋರಿಸಬೇಕು, ಆರ್ಡರು ಬರಲಿ.

"ನಾನು ಸಾಯೋದೂ ಆರ್ಡರು ಬಂದ ಮೇಲೇನಾ?" ಎಂದು ಅಜ್ಜಿ ಕೇಳಿದಳು.

ಹನ್ನೊಂದನೆಯ ವಾರ ಬಂದದ್ದು ಆರ್ಡರಲ್ಲ. ಫೋಟೋಗಳು.

ಬೆಳಗಿನ ಚಹಾದ ಹೊತ್ತು. ಮಗ ಫೋನು ನೋಡುತ್ತ ನೋಡುತ್ತ ನಿಂತೇಬಿಟ್ಟ. ಹದಿನಾರು ಮೋಟಾರು ಒಡೆದಿವೆ. ಯಜಮಾನರು ಲೇತಿನಲ್ಲಿ ಕಡೆದ ಮುಚ್ಚಳಗಳು ಮಾಗಿದ ಕಾಯಿಯ ಹಾಗೆ ಬಿರಿದಿವೆ. ಒಳಗೆ ನೀರಿತ್ತು, ಗೋದಾಮಿನ ಚಳಿಗೆ ಅದು ಗಡ್ಡೆಗಟ್ಟಿ ಉಬ್ಬಿ ಕಬ್ಬಿಣ ಸೀಳಿತು ಎಂದು ಅವರು ಬರೆದಿದ್ದರು. ಅದರ ಕೆಳಗೆ ಇನ್ನೊಂದು ಮಾತು: ನೀರು ಬಸಿದಿದೆ ಎಂದು ನಿಮ್ಮವರೇ ಸಹಿ ಮಾಡಿದ್ದಾರಲ್ಲ? ನೀರು ಹೇಗೆ ಬಂತೆಂದು ನಿಜ ತಿಳಿಸಿದರೆ ಮುಂದಿನ ಮಾತು, ಇಲ್ಲದಿದ್ದರೆ ಇಲ್ಲಿಗೆ ಸಾಕು.

"ಚಳಿ?" ಎಂದಳು ಸುತ್ತಮ್ಮ. "ಬಿಸಿಲಿನ ದೇಶ ಅಂದಿದ್ಯಲ್ಲೋ?"

"ಬಿಸಿಲೂ ಇದೆ, ಚಳಿಯೂ ಇದೆ. ಬೆಟ್ಟದ ಮೇಲಮ್ಮ. ಅದಕ್ಕೇ ತಾನೇ ಬಸಿದು ಕಳಿಸಿ ಅಂದಿದ್ದು!" ಅವನು ಹೆಂಡತಿಯ ಕಡೆ ತಿರುಗಿದ. "ನೋಡದೇ ಸಹಿ ಹಾಕಿದೆಯಾ?"

"ನಲವತ್ತನ್ನೂ ನನ್ನ ಕೈಯಾರೆ ಬಸಿದಿದ್ದೀನಿ."

"ಹಾಗಾದ್ರೆ ನೀರು ಆಕಾಶದಿಂದ ಇಳೀತಾ?"

"ನನಗೇನು ಗೊತ್ತು? ನಾನು ಬಸಿದೆ ಅಂತ ಹೇಳ್ತಿದ್ದೀನಲ್ಲ."

"ಬೇಗ ಮುಗಿಸಬೇಕು ಅಂತ ಹದಿನಾರು ಬಿಟ್ಟಿದ್ದೀಯ. ಹಾಳೆ ಮಾತ್ರ ನಲವತ್ತು ಬರೆದೆ."

"ಕೈಯಲ್ಲಿ ಗುಳ್ಳೆ ಬಂದಿತ್ತು ನನಗೆ. ನೀವೇ ನೋಡಿದ್ರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುತ್ತಮ್ಮ ಒಲೆಯ ಮುಂದೆ ನಿಂತು ತನ್ನ ಎರಡೂ ಕೈಗಳನ್ನು ಸೀರೆಯಲ್ಲಿ ಒರೆಸಿಕೊಂಡಳು, ಒದ್ದೆಯಿಲ್ಲದಿದ್ದರೂ. ಹೇಳಬೇಕು ಅಂದುಕೊಂಡಳು. ಅವನು ಸ್ವಲ್ಪ ತಣ್ಣಗಾಗಲಿ ಅಂದುಕೊಂಡಳು. ಅವನು ತಣ್ಣಗಾಗಲಿಲ್ಲ. ಮಧ್ಯಾಹ್ನವಾಯಿತು. ಮಧ್ಯಾಹ್ನ ಹೇಳದ ಮಾತು ಸಂಜೆಗೆ ಎರಡರಷ್ಟು ಭಾರವಾಯಿತು. ಮರುದಿನ ಅದನ್ನು ಎತ್ತಲು ಆಗಲಿಲ್ಲ.

ಅಂಥ ಮನೆಯಲ್ಲಿ ಜಗಳವೆಂದರೆ ಒಂದು ದಿನದ್ದಲ್ಲ. ತಟ್ಟೆ ಇಡುವಾಗ ಒಂದು ಮಾತು, ತಟ್ಟೆ ಎತ್ತುವಾಗ ಇನ್ನೊಂದು. "ನಾಳೆಯಿಂದ ಕಾಗದಪತ್ರ ನಾನೇ ನೋಡ್ತೀನಿ" ಎಂದ ಮಗ. ಬೀರುವಿನ ಬೀಗದಕೈಯನ್ನು ಸೊಸೆ ಮಾತಿಲ್ಲದೆ ಅವನ ತಟ್ಟೆಯ ಪಕ್ಕ ಇಟ್ಟಳು. ಮರುದಿನದಿಂದ ಅವಳು ಎಲ್ಲರ ಊಟವಾದ ಮೇಲೆ ಒಬ್ಬಳೇ ಉಣ್ಣತೊಡಗಿದಳು, ನಿಂತುಕೊಂಡು.

"ಕೂತು ಉಣ್ಣಮ್ಮ" ಎಂದರು ಯಜಮಾನರು.

"ನಿಂತ್ರೆ ಬೇಗ ಮುಗಿಯುತ್ತೆ ಮಾವ. ಬೇಗ ಮುಗಿಸೋದು ನನ್ನ ಅಭ್ಯಾಸ ಅಂತಲ್ಲ."

ಮಗ ತಲೆ ತಗ್ಗಿಸಿ ನೀರು ಕುಡಿದ.

ಅಜ್ಜಿ ಒಮ್ಮೆ, "ಅಲ್ಲವೇ, ಅವತ್ತು ದೊಡ್ಡ ಪಾತ್ರೇಲಿ ನೀರು ಕಾಯಿಸಿದ್ಯಲ್ಲ" ಎಂದು ಶುರು ಮಾಡಿದಳು.

"ಅತ್ತೆ, ಮಾತ್ರೆ ತಗೊಂಡ್ರಾ?" ಎಂದಳು ಸುತ್ತಮ್ಮ.

ಅಜ್ಜಿ ಆ ಮಂಜುಗಣ್ಣಿನಿಂದ ಅವಳನ್ನೇ ಒಂದು ಗಳಿಗೆ ನೋಡಿ, "ತಗೊಂಡೆ. ಕಹಿ" ಎಂದು ಗೋಡೆಯ ಕಡೆ ತಿರುಗಿದಳು.

ನೀರು ಕಬ್ಬಿಣ ಸೀಳುವುದೆಂದರೆ ಏನೆಂದು ಸುತ್ತಮ್ಮನಿಗೆ ನಂಬಲಾಗಿರಲಿಲ್ಲ. ಇವರ ಊರಲ್ಲಿ ನೀರು ಗಟ್ಟಿಯಾಗುವುದನ್ನು ಫ್ರಿಜ್ಜಿನೊಳಗಲ್ಲದೆ ಬೇರೆಲ್ಲೂ ಯಾರೂ ಕಂಡವರಲ್ಲ. ಅಲ್ಲೂ ಬಟ್ಟಲು ಯಾವತ್ತೂ ಮುಕ್ಕಾಲು ತುಂಬಿಸುವುದು. ಅವಳು ಒಂದು ಖಾಲಿ ಜಾಮಿನ ಸೀಸೆಗೆ ಕಂಠದವರೆಗೆ ನೀರು ತುಂಬಿ, ಮುಚ್ಚಳ ಬಿಗಿದು, ಮೇಲಿನ ಖಾನೆಯಲ್ಲಿಟ್ಟಳು. ಬೆಳಿಗ್ಗೆ ತೆಗೆದರೆ ಗಾಜು ಉದ್ದಕ್ಕೆ ಸೀಳಿತ್ತು. ನೀರು ಮಾತ್ರ ಸೀಸೆಯ ಆಕಾರದಲ್ಲಿ ಗಟ್ಟಿಯಾಗಿ ನಿಂತಿತ್ತು, ಏನೂ ಮಾಡದವರ ಹಾಗೆ. ಅದು ತೊಟ್ಟಿಯಲ್ಲಿ ಕರಗುವುದನ್ನೇ ನೋಡುತ್ತ ನಿಂತಳು. ಬೆರಳಿಗೆ ಗಾಜು ಚುಚ್ಚಿತು.

"ಏನಾಯ್ತು ಅತ್ತೆ ಕೈಗೆ?" ಎಂದಳು ಸೊಸೆ ಹಿಂದಿನಿಂದ.

"ಏನಿಲ್ಲ, ಸೀಸೆ ಒಡೀತು."

ಸೊಸೆ ತೊಟ್ಟಿಯಲ್ಲಿದ್ದ ಮಂಜುಗಡ್ಡೆಯನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಬಟ್ಟೆಯ ಚೂರೊಂದನ್ನು ತಂದು ಬೆರಳಿಗೆ ಕಟ್ಟಿದಳು.

ಫೋಟೋ ಬಂದು ಇಪ್ಪತ್ತು ದಿನ ಕಳೆಯಿತು. ಆ ವ್ಯಾಪಾರಿಗೆ ಮಗ ಎರಡು ಸಲ ಬರೆದ. ಹೆಂಡತಿಯ ತಪ್ಪು ಎಂದು ಬರೆಯಲು ಅವನಿಗೂ ಮನಸ್ಸಾಗದೆ, ವಿಚಾರಿಸುತ್ತಿದ್ದೇವೆ, ವಿಚಾರಿಸುತ್ತಿದ್ದೇವೆ ಎಂದಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಆ ಕಡೆಯಿಂದ ಕೊನೆಯ ಮಾತು ಬಂತು: ಈ ವಾರದೊಳಗೆ ತಿಳಿಸಿ.

ಆ ಮಧ್ಯಾಹ್ನ ಸುತ್ತಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದಳು. ಸೊಸೆ ಮೇಲಿಂದ ಒಂದು ಚೀಲ ತಂದು ಬಾಗಿಲ ಹತ್ತಿರ ಇಟ್ಟಳು.

"ಎಲ್ಲಿಗೆ?"

"ಅಕ್ಕನ ಮನೆಗೆ. ಔಷಧದಂಗಡಿಯವರು ಮತ್ತೆ ಬಾ ಅಂದಿದ್ದಾರೆ. ಅಲ್ಲಿಂದ ಹತ್ತಿರ."

"ಎಷ್ಟು ದಿನಕ್ಕೆ?"

"ಗೊತ್ತಿಲ್ಲ ಅತ್ತೆ."

ಸುತ್ತಮ್ಮ ಚಾಕು ಕೆಳಗಿಟ್ಟಳು. "ಕೂತ್ಕೋ."

"ಬಸ್ಸಿಗೆ ಹೊತ್ತಾಯ್ತು."

"ಹದಿನಾರಕ್ಕೂ ನೀರು ತುಂಬಿಸಿದ್ದು ನಾನು."

ಲೇತು ಆ ಕಡೆ ಕೋಣೆಯಲ್ಲಿ ಒಂದೇ ಸಮ ಕೂಗುತ್ತಿತ್ತು. ಸೊಸೆ ಕೂತಳು. ಬಹಳ ದಿನದ ಮೇಲೆ ಆ ಅಡುಗೆಮನೆಯಲ್ಲಿ ಕೂತದ್ದು.

"ಗೊತ್ತು" ಎಂದಳು.

"ಯಾರು ಹೇಳಿದ್ರು? ಅಜ್ಜಿನಾ?"

"ಚುಕ್ಕೆ ಹೇಳ್ತು. ಫೋಟೋದಲ್ಲಿ ಹದಿನಾರು ಬಿರಡೆ ಮೇಲೂ ಕೆಂಪು ಚುಕ್ಕೆ ಇದೆ. ನಿಮ್ಮ ಮಗ ಚಿಕ್ಕಂದಿನಿಂದ ಚುಕ್ಕೆ ನೋಡಿದ್ದಾರೆ, ಅವರ ಕಣ್ಣಿಗೆ ಅದು ಬೀಳೋದೇ ಇಲ್ಲ. ನಾನು ಬಸಿದದ್ದರ ಮೇಲೆ ಚುಕ್ಕೆ ಇರಲಿಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು? ತಪ್ಪು ಮಾಡಿ ಅತ್ತೆ ಮೇಲೆ ಹೊರಿಸಿದ್ಲು ಅಂತಿದ್ರು. ನೀವೇ ಹೇಳ್ತೀರಿ ಅಂತ ಕಾದೆ. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ. ಇಪ್ಪತ್ತು ದಿನ ಅತ್ತೆ. ಅವರು ಬೈದದ್ದಕ್ಕಿಂತ ನೀವು ಸುಮ್ಮನಿದ್ದದ್ದು ಜಾಸ್ತಿ ಆಯ್ತು ನನಗೆ."

ಹೆಚ್ಚಿದ ಆಲೂಗಡ್ಡೆ ಕಪ್ಪಾಗತೊಡಗಿತ್ತು. ಸುತ್ತಮ್ಮ ಅದನ್ನು ನೀರಿಗೆ ಹಾಕಿದಳು.

"ಹೆದರಿದೆ ಕಣಮ್ಮ" ಎಂದಳು ಕೊನೆಗೆ. "ನನ್ನನ್ನ ಆ ತಂತಿ ಸುತ್ತೋ ಬೆಂಚಿನಿಂದ ಎಬ್ಬಿಸಿಬಿಡ್ತಾರೆ ಅಂತ. ಅದು ಬಿಟ್ರೆ ಈ ಮನೇಲಿ ನಾನು ಬರೀ ಆಲೂಗಡ್ಡೆ."

ಸೊಸೆ ನಗಲಿಲ್ಲ. ಆದರೆ ಚೀಲದ ಕಡೆಯೂ ನೋಡಲಿಲ್ಲ. "ಫೋಟೋ ಜತೆ ಬಂದ ಆ ಕಾಗದದಲ್ಲಿ ಕೊನೇಲಿ ಇನ್ನೊಂದು ಸಾಲಿತ್ತು. ನಿಮ್ಮ ಮಗ ಅದನ್ನ ಓದಿ ಹೇಳಲಿಲ್ಲ" ಎಂದಳು.

"ಏನಂತೆ?"

"ಉಳಿದ ಇಪ್ಪತ್ತನಾಲ್ಕರಲ್ಲಿ ಮೂರು ಸುಟ್ಟುಹೋದವಂತೆ. ಅವರ ಕಡೆಯವರು ನೀರು ತುಂಬೋದು ಮರೆತು ತಂತಿ ಜೋಡಿಸಿದ್ರಂತೆ."

ಸುತ್ತಮ್ಮ ಕಣ್ಣು ಮುಚ್ಚಿದಳು. ನಾನು ಹೇಳಿರಲಿಲ್ಲವೇ ಎಂಬ ಮಾತು ಬಾಯಿಗೆ ಬಂತು. ಹದಿನಾರರ ಮುಂದೆ ಮೂರು. ಮಾತನ್ನು ನುಂಗಿದಳು.

ಸಂಜೆ ಊಟಕ್ಕೆ ಎಲ್ಲರೂ ಕೂತ ಮೇಲೆ ಹೇಳಿದಳು. ಹೆಚ್ಚು ಮಾತಿರಲಿಲ್ಲ. ನೀರು ಕಾಯಿಸಿದ್ದು, ಆರಿಸಿದ್ದು, ಹೊಯ್ದದ್ದು, ಚುಕ್ಕೆ ಇಟ್ಟದ್ದು. ಮಗನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು.

"ಇಪ್ಪತ್ತು ದಿನ ಅವಳನ್ನ ಬೈದೆನಲ್ಲಮ್ಮ."

"ಬೈದದ್ದು ನೀನು. ಬೈಸಿದ್ದು ನಾನು."

"ಬೇಡ ಅಂತ ಹೇಳಿದ್ದೆ ತಾನೇ? ನೂರು ಸಲ..."

"ಒಂದು ಸಲ" ಎಂದರು ಯಜಮಾನರು. ಎಲ್ಲರೂ ಅವರ ಕಡೆ ತಿರುಗಿದರು, ಅವರಿಗೆ ಕೇಳಿಸಿದೆ ಎಂದು ಯಾರೂ ಅಂದುಕೊಂಡಿರಲಿಲ್ಲ. "ಒಂದು ಸಲ ಹೇಳಿದೆ, ಅದೂ ಫೋನು ಕಿವೀಲಿಟ್ಕೊಂಡು. ಚಳಿಗೆ ಒಡೆಯುತ್ತೆ ಅಂತ ಹೇಳಿದ್ಯಾ?"

"ಹೇಳಿದ್ರೆ ಕೇಳ್ತಿದ್ಲಾ ಅಮ್ಮ?"

"ಕೇಳ್ತಿದ್ದೆನೋ ಇಲ್ಲವೋ" ಎಂದಳು ಸುತ್ತಮ್ಮ. "ನೀನಂತೂ ಹೇಳಲಿಲ್ಲ. ಆದರೂ ಮಾಡಿದವಳು ನಾನೇ. ಅದನ್ನೇ ಬರೆದು ಕಳಿಸು. ಸಹಿ ಮಾಡಿದವಳು ಸರಿಯಾಗೇ ಮಾಡಿದ್ಲು, ನಮ್ಮಮ್ಮ ಕದ್ದು ತುಂಬಿಸಿದ್ಲು ಅಂತ ಬರಿ."

"ನಗ್ತಾರೆ."

"ನಗಲಿ. ಹಲ್ಲಿಗೇನು ಖರ್ಚು?"

ಮಗ ಹೆಂಡತಿಯ ಕಡೆ ತಿರುಗಿ, "ನೋಡು, ನಾನು..." ಎಂದ.

"ಮೊದಲು ಊಟ ಮಾಡಿ, ಆಮೇಲೆ ಕಾಗದ ಬರೀರಿ" ಎಂದಳು ಸೊಸೆ. "ನನ್ನ ಮಾತು ಆಮೇಲೆ. ಅದು ಬೇಗ ಮುಗಿಯೋದಲ್ಲ."

ಅವನು ಕಿಸೆಯಿಂದ ಬೀರುವಿನ ಬೀಗದಕೈ ತೆಗೆದು ಅವಳ ಮುಂದೆ ಇಟ್ಟ. ಅವಳು ಅದನ್ನು ಕೂಡಲೇ ಮುಟ್ಟಲಿಲ್ಲ. ಚೀಲ ಬಾಗಿಲ ಹತ್ತಿರ ಇನ್ನೂ ಎರಡು ದಿನ ಹಾಗೇ ಇತ್ತು. ಮೂರನೆಯ ದಿನ ನೆಲ ಒರೆಸುವಾಗ ಸುತ್ತಮ್ಮ ನೋಡಿದರೆ ಅದು ಅಲ್ಲಿರಲಿಲ್ಲ. ಬೀಗದಕೈ ಸೊಸೆಯ ಸೊಂಟದಲ್ಲಿತ್ತು.

ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಎರಡೇ ಸಾಲು. ತಿಳಿಸಿದ್ದಕ್ಕೆ ಸಂತೋಷ, ಹತ್ತೊಂಬತ್ತು ಮೋಟಾರು ನಿಮ್ಮ ಖರ್ಚಿನಲ್ಲಿ ಮತ್ತೆ ಕಳಿಸಿ, ಉಳಿದದ್ದು ಆಮೇಲೆ ನೋಡೋಣ. ಸುಟ್ಟ ಮೂರು ನಮ್ಮ ತಪ್ಪಲ್ಲ ಎಂದು ಮಗ ವಾದಿಸಲು ಹೊರಟ. "ಬಿಡು. ಮೂರಕ್ಕೆ ಹೋಗಿ ಎಲ್ಲ ಕಳ್ಕೋಬೇಡ" ಎಂದರು ಯಜಮಾನರು. ಮಂಡಿಗೆ ಬಟ್ಟೆ ಸುತ್ತಿಕೊಂಡು ಮತ್ತೆ ಲೇತಿನ ಮುಂದೆ ನಿಂತರು. ಐದು ವಾರ. ಮಗ ಬೈಕು ಮಾರಿ ಬಸ್ಸಿನಲ್ಲಿ ಓಡಾಡಿದ. ಸುತ್ತಮ್ಮನನ್ನು ಬೆಂಚಿನಿಂದ ಯಾರೂ ಎಬ್ಬಿಸಲಿಲ್ಲ. ಎಬ್ಬಿಸಿದರೆ ತಂತಿ ಸುತ್ತುವವರು ಬೇರೆ ಯಾರಿದ್ದರು? ಆದರೆ ಮಗ ಅವಳ ಜತೆ ಬೇಕಾದಷ್ಟೇ ಮಾತಾಡುತ್ತಿದ್ದ, ಅವಳ ಬೆಂಚಿನ ಹತ್ತಿರ ಬಂದಾಗಲೆಲ್ಲ ಕಣ್ಣು ಉಗುರುಬಣ್ಣದ ಸೀಸೆಯ ಕಡೆ ಹೋಗುತ್ತಿತ್ತು. ಒಂದು ದಿನ ಅವಳೇ ಅದನ್ನು ತೆಗೆದು ಸೊಸೆಯ ಕೈಗೆ ಕೊಟ್ಟಳು. "ಉಗುರಿಗೇ ಹಚ್ಕೋ" ಎಂದಳು.

ಕೊನೆಯ ವಾರ, ಬಸಿದ ಮೋಟಾರುಗಳನ್ನು ಬಟ್ಟೆಯ ಮೇಲೆ ತಲೆಕೆಳಗಾಗಿ ಸಾಲಾಗಿ ನಿಲ್ಲಿಸಿದ್ದರು. ಈ ಸಲ ಬಸಿಯುವವರು ಇಬ್ಬರು, ಹಾಳೆಯಲ್ಲಿ ಸಹಿಯೂ ಎರಡು.

"ಅಲ್ಲ ಕಣೇ" ಎಂದಳು ಸುತ್ತಮ್ಮ, ಕೈಯಲ್ಲೊಂದು ಬಿರಡೆ ಹಿಡಿದು. "ಮರೆಯೋರು ಮರೀತಾರೆ. ಕಾಗದದಲ್ಲಿ ಬರೆದ್ರೆ ಓದಲ್ಲ. ಮಗನೇ ಕೊನೇ ಸಾಲು ಓದಿ ಹೇಳಲಿಲ್ಲ, ಇನ್ನು ಅವರು ಓದ್ತಾರಾ?"

"ಚೀಟಿ ಅಂಟಿಸೋಣ?"

"ಚೀಟಿ ಕಿತ್ತು ಎಸೀತಾರೆ. ತಂತಿ ಜೋಡಿಸಬೇಕಾದ್ರೆ ತಂತಿಯ ತುದಿ ಬೇಕು ತಾನೇ?"

"ಹೂಂ."

"ಆ ತುದಿಯನ್ನ ಬಿರಡೆ ಕೆಳಗೆ ಕಟ್ಟಿದ್ರೆ?"

ಸೊಸೆ ಯಜಮಾನರ ಹತ್ತಿರ ಹೋಗಿ ಹತ್ತೊಂಬತ್ತು ತಗಡಿನ ಬಿಲ್ಲೆ ಕತ್ತರಿಸಿ ತಂದಳು, ಒಂದೊಂದಕ್ಕೂ ಎರಡು ತೂತು. ಒಂದು ತೂತಿನಲ್ಲಿ ಬಿರಡೆ, ಇನ್ನೊಂದರಲ್ಲಿ ತಂತಿಯ ತುದಿ, ಮೇಲೆ ತಾಮ್ರದ ಎಳೆ ಬಿಗಿದು ಗಂಟು. ಬಿರಡೆ ಬಿಚ್ಚದೆ ತಂತಿ ಬಿಡಿಸಿಕೊಳ್ಳಲು ಬರುವುದಿಲ್ಲ. ಬಿರಡೆ ಬಿಚ್ಚಿದವನಿಗೆ ಒಳಗೆ ಖಾಲಿ ಹೊಟ್ಟೆ ಕಾಣಲೇಬೇಕು. ಮಗ ಬಂದು ಒಂದನ್ನು ಎತ್ತಿ, ಎಳೆದು ನೋಡಿದ. ಮತ್ತೊಮ್ಮೆ ಎಳೆದ. ಬರಲಿಲ್ಲ.

"ಇದನ್ನ ಮೊದಲೇ ಮಾಡಿದ್ರೆ..." ಎಂದ.

"ಮೊದಲೇ ಕೇಳಿದ್ರೆ ಮಾಡ್ತಿದ್ದೆ" ಎಂದಳು ಸುತ್ತಮ್ಮ.

ಅವನು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮುಂದಿನ ಮೋಟಾರನ್ನು ಅವಳ ಕೈಗೆ ಸಿಗುವ ಹಾಗೆ ಹಿಡಿದ. ಹತ್ತೊಂಬತ್ತೂ ಮುಗಿಯುವವರೆಗೆ ಹಿಡಿದ.

ಲಾರಿ ಬಂದದ್ದು ಬೆಳಿಗ್ಗೆ. ಪೆಟ್ಟಿಗೆಗಳು ಒಂದೊಂದಾಗಿ ಹೊಸಿಲು ದಾಟಿದವು. ಹಗುರವಾಗಿದ್ದವು, ಹೊತ್ತವರ ಹೆಜ್ಜೆಯಲ್ಲೇ ಅದು ತಿಳಿಯುತ್ತಿತ್ತು. ಸುತ್ತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು ಎಣಿಸಿದಳು. ಕೊನೆಯದು ದಾಟಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದಳು.

"ನಿನ್ನ ಮಕ್ಕಳಿಗೆ ನೀರು ಕುಡಿಸಿ ಆಯ್ತಾ?" ಎಂದು ಒಳಗಿಂದ ಅಜ್ಜಿ ಕೂಗಿದಳು.

"ಇಲ್ಲ ಅತ್ತೆ. ಅಲ್ಲೇ ಕುಡಿಸ್ತಾರಂತೆ."

"ನಂಬಿಕೆ ಇದೆಯಾ?"

"ಇಲ್ಲ" ಎಂದಳು ಸುತ್ತಮ್ಮ.

ಒಳಗೆ ಬಂದು, ಐದು ಜನಕ್ಕಾಗುವಷ್ಟು ಚಹಾಕ್ಕೆ ನೀರಿಟ್ಟಳು.